ಮನೆಯ ಹಾಡಿಗೊಂದು ಪುಟ್ಟ ಗಣಕ: ಕಡಿಮೆ ಖರ್ಚಿನ ಸಂಗೀತ ಸರ್ವರ್

ಸಂಗೀತ ಸರ್ವರ್ ಎಂಬ ಹೆಸರು ದೊಡ್ಡದು, ವಸ್ತು ಚಿಕ್ಕದು. ಮನೆಯಲ್ಲಿರುವ ಹಾಡು, ಭಜನೆ, ತಾಳಮದ್ದಲೆ, ಹರಿಕಥೆಗಳನ್ನೆಲ್ಲ ಒಂದೇ ಡಿಸ್ಕಿನಲ್ಲಿ ತುಂಬಿಟ್ಟು, ಮನೆಯ ವೈಫೈ ಮೂಲಕ ಯಾರು ಯಾವುದನ್ನು ಕೇಳಿದರೂ ಹುಡುಕಿ ಹಾಕಿಕೊಡುವ ಗಣಕಕ್ಕೆ ಈ ಹೆಸರು. ಕೈಯಲ್ಲಿರುವ ಫೋನೇ ಅದರ ರಿಮೋಟ್. ಹಳೆಯ ಆಂಪ್ಲಿಫೈಯರೋ ಟಿವಿಯ ಸ್ಪೀಕರೋ ಅದರ ಕಂಠ. ಇದಕ್ಕೆ ದೊಡ್ಡ ಕಂಪ್ಯೂಟರು ಬೇಡ. ಎಟಿಎಂ ಕಾರ್ಡಿನಷ್ಟು ಉದ್ದಗಲದ, ಎಲ್ಲವೂ ಒಂದೇ ಹಲಗೆಯ ಮೇಲಿರುವ ಸಿಂಗಲ್ ಬೋರ್ಡ್ ಕಂಪ್ಯೂಟರ್ ಸಾಕು.

ಗಡಿನಾಡಿನ ಕನ್ನಡ ಮನೆಗಳಿಗೆ ಇದರ ಅಗತ್ಯ ತುಸು ಹೆಚ್ಚೇ ಇದೆ. ಕಾಸರಗೋಡಿನ ಮನೆಗಳ ಅಟ್ಟದಲ್ಲಿ ತಾಳಮದ್ದಲೆಯ ಕ್ಯಾಸೆಟ್ಟುಗಳಿವೆ. ಅಕ್ಕಲಕೋಟೆ, ಜತ್ತದ ಕಡೆ ವಚನ, ತತ್ವಪದ, ಅಭಂಗ ಎಲ್ಲವೂ ಒಂದೇ ಡಬ್ಬಿಯಲ್ಲಿರುತ್ತವೆ. ತಾಳವಾಡಿಯಲ್ಲಿ ಮಾದಪ್ಪನ ಪದ, ನೀಲಗಿರಿಯಲ್ಲಿ ಬಡಗರ ಹಾಡು, ರಾಯದುರ್ಗ, ಮಡಕಶಿರಾ ಕಡೆ ರಾಜ್‌ಕುಮಾರ್ ಹಾಡಿನ ಪಕ್ಕದಲ್ಲೇ ಘಂಟಸಾಲ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನ ಹಾಡು ಇಂದು ಅಂತರ್ಜಾಲದಲ್ಲಿ ಸಿಕ್ಕೀತು. ಆದರೆ ಮದುವೆ ಮನೆಯಲ್ಲಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಹಿಡಿದಿಟ್ಟ ಸೋಬಾನೆ ಪದ, ಊರ ದೇವಸ್ಥಾನದ ಅಂಗಳದಲ್ಲಿ ನಡೆದ ಕೂಟ, ತೀರಿಕೊಂಡ ಅಜ್ಜಿಯ ದನಿ, ಇವುಗಳಿಗೆ ಎರಡನೆಯ ಪ್ರತಿ ಎಲ್ಲೂ ಇಲ್ಲ. ಟೇಪು ಹಾಳಾದರೆ ಅಲ್ಲಿಗೆ ಮುಗಿಯಿತು.

ಆ್ಯಪ್ ಇರುವಾಗ ಇದೇಕೆ?

ಫೋನಿನಲ್ಲಿ ಎಲ್ಲ ಹಾಡೂ ಸಿಗುತ್ತದಲ್ಲ ಎಂಬ ಪ್ರಶ್ನೆ ಸಹಜ. ಸಿಗುತ್ತದೆ, ಆದರೆ ಆ ಅಂಗಡಿ ತೆರೆದಿರುವವರೆಗೆ ಮಾತ್ರ. ಭಾರತೀಯ ಹಾಡುಗಳಿಗೆ ಹೆಸರಾಗಿದ್ದ ಧಿಂಗಾನಾ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ನಿಂತಿತು. ಸ್ವಂತ ಹಾಡುಗಳನ್ನು ಅದರಲ್ಲಿ ಏರಿಸಿಟ್ಟವರು ಗಡುವಿನೊಳಗೆ ಯೂಟ್ಯೂಬ್ ಮ್ಯೂಸಿಕ್‌ಗೆ ವರ್ಗಾಯಿಸಿಕೊಳ್ಳಬೇಕಾಯಿತು. ರೆಸ್ಸೋ 2024ರ ಜನವರಿಯಲ್ಲಿ ಭಾರತದಲ್ಲಿ ಬಾಗಿಲು ಹಾಕಿತು, ಅದೇ ವರ್ಷ ವಿಂಕ್ ಮ್ಯೂಸಿಕ್ ಸಹ. ಅಲ್ಲಿ ವರ್ಷಗಟ್ಟಲೆ ಕೂಡಿಸಿದ ಹಾಡಿನ ಪಟ್ಟಿಗಳು ಕೇಳುಗರ ಸ್ವತ್ತಾಗಿರಲಿಲ್ಲ.

ಹಾಗೆಂದು ಆ್ಯಪ್ ಬಿಡಬೇಕೆಂದಲ್ಲ. ಹೊಸ ಸಿನಿಮಾ ಹಾಡಿಗೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಮನೆಯ ಸರ್ವರ್ ಇರುವುದು ಬೇರೆಲ್ಲೂ ಸಿಗದ್ದಕ್ಕೆ, ಮತ್ತು ಸಿಗ್ನಲ್ ಇಲ್ಲದ ದಿನಕ್ಕೆ.

ಯಾವ ಬೋರ್ಡ್ ಕೊಳ್ಳಬೇಕು

ಒಂದೇ ಹಲಗೆಯ ಗಣಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರಾಸ್ಪ್‌ಬೆರಿ ಪೈ. ಶಾಲೆಯ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು ರೂಪಿಸಿದ ಈ ಬೋರ್ಡ್ 2012ರ ಫೆಬ್ರವರಿ 29ರಂದು 35 ಡಾಲರ್ ದರದಲ್ಲಿ ಮಾರುಕಟ್ಟೆಗೆ ಬಂತು. ಆಗ ಅದರಲ್ಲಿದ್ದ ರ‍್ಯಾಮ್ 256 ಎಂಬಿ. ಮಕ್ಕಳಿಗಿಂತ ಮೊದಲು ಅದನ್ನು ಕೊಂಡವರು ಹವ್ಯಾಸಿಗಳು. ಅವರು ಮಾಡಿಕೊಂಡ ಮೊದಲ ಸಾಮಾನುಗಳಲ್ಲಿ ಹಾಡಿನ ಪೆಟ್ಟಿಗೆಯೂ ಒಂದು.

ಹಾಡು ನುಡಿಸುವುದು ಗಣಕಕ್ಕೆ ಹಗುರ ಕೆಲಸ. ಆದ್ದರಿಂದ ಹೊಸತರಲ್ಲಿ ಹೊಸತು ಬೇಕಾಗಿಲ್ಲ. 2016ರ ಪೈ 3ರಿಂದ ವೈಫೈ ಬೋರ್ಡಿನಲ್ಲೇ ಬರುತ್ತದೆ, ಅದು ಸಾಕು. 2019ರ ಪೈ 4 ಇದ್ದರೆ ಸಂಗ್ರಹ ದೊಡ್ಡದಾದರೂ ತಡವರಿಸುವುದಿಲ್ಲ. 2023ರ ಪೈ 5 ಈ ಕೆಲಸಕ್ಕೆ ಅತಿಯಾಯಿತು, ಸಾಲದ್ದಕ್ಕೆ ಅದರಲ್ಲಿ ಇಯರ್‌ಫೋನ್ ತೂತೇ ಇಲ್ಲ. 2021ರಲ್ಲಿ 15 ಡಾಲರಿಗೆ ಬಂದ ಪೈ ಜೀರೋ 2 ಡಬ್ಲ್ಯೂ ಎಲ್ಲಕ್ಕಿಂತ ಅಗ್ಗ. ಅದಕ್ಕೂ ಇಯರ್‌ಫೋನ್ ತೂತಿಲ್ಲ, ಡಿಸ್ಕ್ ಜೋಡಿಸಲು ಇರುವುದು ಒಂದೇ ಮೈಕ್ರೋ ಯುಎಸ್‌ಬಿ ಕಿಂಡಿ. ಹಾಗಾಗಿ ಅದು ಸರ್ವರಿಗಿಂತ ಇನ್ನೊಂದು ಕೋಣೆಯ ಸ್ಪೀಕರಿಗೆ ಜೋಡಿಸಲು ಲಾಯಕ್ಕು.

ಮೆಮೊರಿ ಚಿಪ್ಪುಗಳ ಬೆಲೆ ಏರಿದ್ದರಿಂದ 2025ರ ಕೊನೆಯಲ್ಲಿ ಹೆಚ್ಚು ರ‍್ಯಾಮ್ ಇರುವ ಪೈಗಳ ದರವೂ ಏರಿತು. ಸಂಗೀತಕ್ಕೆ 1 ಜಿಬಿ ಸಾಕು. ಅಂಗಡಿಯವರು 8 ಜಿಬಿ ತೋರಿಸಿದರೆ ಮರುಳಾಗಬೇಕಿಲ್ಲ. ಓದಿ ಮುಗಿಸಿದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಬಳಿ ಪ್ರಾಜೆಕ್ಟಿಗೆ ಕೊಂಡ ಪೈ 3 ಸುಮ್ಮನೆ ಬಿದ್ದಿರುವುದುಂಟು; ಅರ್ಧ ಬೆಲೆಗೆ ಸಿಕ್ಕರೆ ಅದೇ ಲಾಭ. ಮನೆಯಲ್ಲಿ ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲೂ ಇದೇ ಕೆಲಸ ಆಗುತ್ತದೆ, ಆದರೆ ಕರೆಂಟಿನ ಲೆಕ್ಕ ನೋಡಬೇಕು.

ಆ ಲೆಕ್ಕ ಹೀಗೆ. ಪೈ ಸುಮಾರು 3 ವಾಟ್ ಎಳೆಯುತ್ತದೆ. ದಿನದ 24 ಗಂಟೆ ಉರಿದರೂ 30 ದಿನಕ್ಕೆ 2 ಯೂನಿಟ್ಟಿನ ಮೇಲೆ ಸ್ವಲ್ಪ. ಲ್ಯಾಪ್‌ಟಾಪ್ 20 ವಾಟ್ ಎಂದಿಟ್ಟುಕೊಂಡರೆ 14 ಯೂನಿಟ್ ದಾಟುತ್ತದೆ.

ಅಡಾಪ್ಟರ್, ಕಾರ್ಡ್, ಡಿಸ್ಕ್

ಪೈ ಕೈಕೊಟ್ಟಿತು ಎಂಬ ದೂರುಗಳಲ್ಲಿ ಎಷ್ಟೋ ನಿಜಕ್ಕೂ ಚಾರ್ಜರಿನ ದೋಷ. ಪೈ 3ಕ್ಕೆ 5 ವೋಲ್ಟ್ 2.5 ಆಂಪಿಯರ್, ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಬೇಕು. ಸಂತೆಯಲ್ಲಿ ಕೊಂಡ ಫೋನ್ ಚಾರ್ಜರಿನ ಮೇಲೆ ಏನೇ ಬರೆದಿರಲಿ, ಡಿಸ್ಕ್ ತಿರುಗಲು ಶುರುವಾದೊಡನೆ ವೋಲ್ಟೇಜು ಕುಸಿಯುತ್ತದೆ. ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಬೋರ್ಡ್ ಎಚ್ಚರಿಸುತ್ತದೆ. ಪೈ 3ರಲ್ಲಿ ಕೆಂಪು ದೀಪ ಮಿನುಗುತ್ತದೆ. ಬೇರೆಲ್ಲಿ ಉಳಿಸಿದರೂ ಅಡಾಪ್ಟರಿನಲ್ಲಿ ಉಳಿಸಬಾರದು.

ಕಾರ್ಯವ್ಯವಸ್ಥೆಗೆ 8 ಅಥವಾ 16 ಜಿಬಿಯ ಒಳ್ಳೆಯ ಮೈಕ್ರೋ ಎಸ್‌ಡಿ ಕಾರ್ಡ್ ಸಾಕು. ಹಾಡುಗಳನ್ನು ಅದೇ ಕಾರ್ಡಿಗೆ ತುಂಬದೆ ಪ್ರತ್ಯೇಕ ಪೆನ್‌ಡ್ರೈವ್ ಅಥವಾ ಎಸ್‌ಎಸ್‌ಡಿಯಲ್ಲಿ ಇಡುವುದು ಒಳ್ಳೆಯದು. ಕಾರ್ಡ್ ಸತ್ತರೆ ಹೊಸದನ್ನು ಅರ್ಧ ಗಂಟೆಯಲ್ಲಿ ತಯಾರಿಸಬಹುದು, ಹಾಡುಗಳಿಗೆ ಏನೂ ಆಗಿರುವುದಿಲ್ಲ.

ಜಾಗದ ಅಂದಾಜು: 128 ಕಿಲೋಬಿಟ್‌ನ ಎಂಪಿ3 ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ. ಸಿಡಿಯ ಗುಣಮಟ್ಟದ ವೇವ್ ಫೈಲು ಗಂಟೆಗೆ 635 ಎಂಬಿ. ಫ್ಲ್ಯಾಕ್ ಎಂಬ ಮಾದರಿ 2001ರಿಂದ ಇದೆ, ಧ್ವನಿಯ ಒಂದು ಕಣವನ್ನೂ ಬಿಡದೆ ಆ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅರವತ್ತು ನಿಮಿಷದ 200 ಕ್ಯಾಸೆಟ್ಟುಗಳನ್ನು ಫ್ಲ್ಯಾಕ್ ಮಾಡಿದರೂ 128 ಜಿಬಿಯ ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ.

ತಂತ್ರಾಂಶ: ಕಂಪನಿ ಬಿಟ್ಟರೂ ಉಳಿದದ್ದು

ಪೈಗೆ ಹೊಂದುವ ಸಂಗೀತ ತಂತ್ರಾಂಶಗಳು ಹಲವಿವೆ. ವೊಲ್ಯೂಮಿಯೋ, ಮೂಡ್, ಎಂಪಿಡಿ ಎಲ್ಲವೂ ಚೆನ್ನಾಗಿವೆ. ಪದೇ ಪದೇ ಕರೆಂಟು ಹೋಗುವ ಊರಿಗೆ ಮಾತ್ರ ಪೈಕೋರ್‌ಪ್ಲೇಯರ್ ಹೆಚ್ಚು ಹೊಂದುತ್ತದೆ. ಕಾರಣ ಸರಳ. ಮಾಮೂಲಿ ಕಾರ್ಯವ್ಯವಸ್ಥೆಗಳು ಕಾರ್ಡಿನ ಮೇಲೆ ಸದಾ ಏನಾದರೂ ಗೀಚುತ್ತಲೇ ಇರುತ್ತವೆ. ಗೀಚುವ ಹೊತ್ತಿಗೇ ಕರೆಂಟು ಹೋದರೆ ಕಾರ್ಡ್ ಕೆಡುತ್ತದೆ. ಪೈಕೋರ್‌ಪ್ಲೇಯರ್ ಚಾಲೂ ಆದೊಡನೆ ಪೂರ್ತಿ ರ‍್ಯಾಮಿಗೆ ಏರಿ ಅಲ್ಲಿಂದಲೇ ನಡೆಯುತ್ತದೆ, ಕಾರ್ಡಿಗೆ ಬರೆಯುವುದು ಅಪರೂಪ. ಹೊಸ ಹಾಡುಗಳನ್ನು ತುಂಬುತ್ತಿರುವಾಗ ಮಾತ್ರ ಕರೆಂಟಿನ ಮೇಲೆ ಕಣ್ಣಿರಬೇಕು.

ಅದರೊಳಗೆ ಕೂರುವ ಸರ್ವರ್ ತಂತ್ರಾಂಶದ ಹೆಸರು ಲಿರಿಯನ್ ಮ್ಯೂಸಿಕ್ ಸರ್ವರ್. ಇದರ ಹಿಂದಿನ ಕಥೆ ಹೇಳುವಂಥದ್ದು. ಅಮೆರಿಕದ ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಕಂಪನಿ 2001ರಲ್ಲಿ ಮನೆಯ ಜಾಲದಿಂದ ಹಾಡು ನುಡಿಸುವ ಪೆಟ್ಟಿಗೆ ತಂದಿತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, ಸ್ಕ್ವೀಜ್‌ಬಾಕ್ಸ್ ಎಂಬ ಆ ಪೆಟ್ಟಿಗೆಗಳ ತಯಾರಿಕೆಯನ್ನು 2012ರಲ್ಲಿ ನಿಲ್ಲಿಸಿತು, ಅವುಗಳಿಗಾಗಿ ನಡೆಸುತ್ತಿದ್ದ ಜಾಲತಾಣವನ್ನೂ 2024ರಲ್ಲಿ ಮುಚ್ಚಿತು. ಆದರೆ ಸರ್ವರ್ ತಂತ್ರಾಂಶ ಮೊದಲಿನಿಂದ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿತ್ತು. ಬಳಕೆದಾರರೇ ಅದನ್ನು ಮುಂದುವರಿಸಿ, 2024ರಲ್ಲಿ ಈಗಿನ ಹೆಸರಿಟ್ಟರು. ಯಾವ ಆ್ಯಪಿಗೂ ಇಲ್ಲದ ಆಯುಷ್ಯ ಇದಕ್ಕೆ ಬಂದದ್ದು ಹೀಗೆ.

ಕೂರಿಸುವ ಕ್ರಮ ಕಷ್ಟದ್ದಲ್ಲ. ಪೈಕೋರ್‌ಪ್ಲೇಯರ್ ಇಮೇಜನ್ನು ಇಳಿಸಿಕೊಂಡು, ರಾಸ್ಪ್‌ಬೆರಿ ಪೈ ಇಮೇಜರ್ ತಂತ್ರಾಂಶದಿಂದ ಕಾರ್ಡಿಗೆ ಬರೆಯಬೇಕು. ಕಾರ್ಡನ್ನು ಪೈಗೆ ಸಿಕ್ಕಿಸಿ, ಮೊದಲ ಸಲ ಲ್ಯಾನ್ ಕೇಬಲಿನಿಂದ ರೌಟರಿಗೆ ಜೋಡಿಸಿ ಚಾಲೂ ಮಾಡಬೇಕು. ವೈಫೈ ಹೊಂದಿಸುವುದು ಆಮೇಲೆ. ಅದೇ ರೌಟರಿಗೆ ಸೇರಿದ ಫೋನು ಅಥವಾ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಪೈಯ ಐಪಿ ವಿಳಾಸ ಹಾಕಿದರೆ ಪೈಕೋರ್‌ಪ್ಲೇಯರ್ ಪುಟ ತೆರೆದುಕೊಳ್ಳುತ್ತದೆ. ಆ ವಿಳಾಸ ರೌಟರಿನ ಪುಟದಲ್ಲಿ, ಜೋಡಣೆಯಾದ ಸಾಧನಗಳ ಪಟ್ಟಿಯಲ್ಲಿ ಸಿಗುತ್ತದೆ. ಅಲ್ಲಿ ಮೊದಲು ಕಾರ್ಡಿನಲ್ಲಿರುವ ಜಾಗವನ್ನು ಹಿಗ್ಗಿಸುವ ಗುಂಡಿ ಒತ್ತಬೇಕು. ಇದನ್ನು ಮರೆತವರಿಗೆ ಮುಂದಿನ ಹೆಜ್ಜೆಯಲ್ಲಿ ಜಾಗ ಸಾಲದೆಂಬ ಸಂದೇಶ ಬರುತ್ತದೆ. ನಂತರ ಎಲ್‌ಎಂಎಸ್ ಎಂಬ ಪುಟಕ್ಕೆ ಹೋಗಿ ಸರ್ವರನ್ನು ಕೂರಿಸಿ, ಹಾಡಿರುವ ಡಿಸ್ಕನ್ನು ಆಯ್ದು, ಸರ್ವರ್ ಶುರುಮಾಡಬೇಕು. ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾಡಿಟ್ಟ ಡಿಸ್ಕಾದರೆ ಅದನ್ನು ಓದುವ ಹೆಚ್ಚುವರಿ ಭಾಗವನ್ನು ಅದೇ ಪುಟದಲ್ಲಿ ಸೇರಿಸಿಕೊಳ್ಳಬೇಕು.

ಸರ್ವರಿನ ಸ್ವಂತ ಪುಟ ಅದೇ ಐಪಿ ವಿಳಾಸದ 9000ನೆಯ ಪೋರ್ಟಿನಲ್ಲಿದೆ. ಮೆಟೀರಿಯಲ್ ಸ್ಕಿನ್ ಎಂಬ ಪ್ಲಗಿನ್ ಹಾಕಿಕೊಂಡರೆ ಫೋನಿನಲ್ಲಿ ನೋಡಲು ಹಿತವಾಗಿರುತ್ತದೆ. ಮೆನುಗಳು ಇಂಗ್ಲಿಷಿನಲ್ಲಿರುತ್ತವೆ, ಹಾಡಿನ ಹೆಸರು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಕಾಣುತ್ತದೆ. ಪೈಯ ಐಪಿ ವಿಳಾಸ ದಿನಕ್ಕೊಂದಾಗದಂತೆ ರೌಟರಿನಲ್ಲಿ ಕಾದಿರಿಸಿಟ್ಟರೆ ಮನೆಯವರೆಲ್ಲರ ಫೋನಿನಲ್ಲಿ ಒಂದು ಬುಕ್‌ಮಾರ್ಕ್ ಮಾಡಿಕೊಟ್ಟು ಬಿಡಬಹುದು.

ಸ್ಪೀಕರಿನಲ್ಲಿ ಅಲ್ಲ, ಅವರವರ ಫೋನಿನಲ್ಲೇ ಕೇಳುವುದು ಮುಖ್ಯವಾದ ಮನೆಗೆ ನ್ಯಾವಿಡ್ರೋಮ್ ಎಂಬ ಬೇರೊಂದು ಮುಕ್ತ ತಂತ್ರಾಂಶ ಹೆಚ್ಚು ಅನುಕೂಲ. ಅದು ಮಾಮೂಲಿ ರಾಸ್ಪ್‌ಬೆರಿ ಪೈ ಕಾರ್ಯವ್ಯವಸ್ಥೆಯ ಮೇಲೆ ನಡೆಯುತ್ತದೆ.

ಅಂತರ್ಜಾಲವಿಲ್ಲದ ಮನೆಯಲ್ಲಿ

ತಂತ್ರಾಂಶ ಕೂರಿಸುವ ದಿನ ಅಂತರ್ಜಾಲ ಬೇಕು. ಆಮೇಲೆ ಬೇಡ. ಬೇಕಾದದ್ದು ರೌಟರ್ ಮಾತ್ರ, ಅದಕ್ಕೆ ಹೊರಗಿನ ಸಂಪರ್ಕ ಇರಲೇಬೇಕೆಂದಿಲ್ಲ. ಬ್ರಾಡ್‌ಬ್ಯಾಂಡ್ ತೆಗೆಸಿದ ಮೇಲೆ ಮೂಲೆ ಸೇರಿದ ಹಳೆಯ ವೈಫೈ ರೌಟರ್ ಈ ಕೆಲಸಕ್ಕೆ ಸಾಕು. ಮನೆಯವರೊಬ್ಬರ ಫೋನಿನ ಹಾಟ್‌ಸ್ಪಾಟನ್ನೇ ನೆಚ್ಚಿಕೊಂಡರೆ ಅವರು ಪೇಟೆಗೆ ಹೋದೊಡನೆ ಹಾಡು ನಿಲ್ಲುತ್ತದೆ. ಅಂತರ್ಜಾಲವಿಲ್ಲದ ವೈಫೈಗೆ ಸೇರಿದಾಗ ಆಂಡ್ರಾಯ್ಡ್ ಫೋನು ಸಂಪರ್ಕವಿಲ್ಲವೆಂದು ಗೊಣಗಿ ಮೊಬೈಲ್ ಡೇಟಾಗೆ ಜಾರುತ್ತದೆ. ಹಾಗೇ ಸೇರಿಕೊಂಡಿರು ಎಂಬ ಆಯ್ಕೆಯನ್ನು ಒಮ್ಮೆ ಒತ್ತಿದರೆ ಸಾಕು.

ಇಲ್ಲಿ ಅನೇಕರು ಎಡವುವ ಜಾಗ ಒಂದಿದೆ. ಬೆಳಿಗ್ಗೆ ಐದೂವರೆಗೆ ಸುಪ್ರಭಾತ ತಾನಾಗಿ ಹಾಡುವಂತೆ ಸರ್ವರಿನಲ್ಲಿ ಅಲಾರಂ ಇಡಬಹುದು, ಹಿರಿಯರಿರುವ ಮನೆಗೆ ಇದೇ ದೊಡ್ಡ ಆಕರ್ಷಣೆ. ಆದರೆ ಪೈ 4ರವರೆಗಿನ ಬೋರ್ಡುಗಳಲ್ಲಿ ಕರೆಂಟು ಹೋದಾಗ ಹೊತ್ತು ನೆನಪಿಟ್ಟುಕೊಳ್ಳುವ ಗಡಿಯಾರವಿಲ್ಲ. ಅವು ಸಮಯ ಕೇಳುವುದು ಅಂತರ್ಜಾಲದಿಂದ. ಅದಿಲ್ಲದಿದ್ದರೆ ಕರೆಂಟು ಬಂದ ಮೇಲೆ ಸುಪ್ರಭಾತ ನಡುರಾತ್ರಿ ಎದ್ದೀತು. ಡಿಎಸ್3231 ಎಂಬ ಪುಟ್ಟ ಗಡಿಯಾರದ ಬೋರ್ಡನ್ನು ಜೋಡಿಸಿ ಹೊಂದಿಸಿಕೊಂಡರೆ ಇದಕ್ಕೆ ಪರಿಹಾರ ಸಿಗುತ್ತದೆ.

ಸ್ಪೀಕರಿಗೆ ಜೋಡಿಸುವಾಗ

ಪೈ 3, ಪೈ 4ರ ಇಯರ್‌ಫೋನ್ ತೂತಿನಿಂದ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಒಂದು ತಂತಿ ಎಳೆದರೆ ಧ್ವನಿ ಬರುತ್ತದೆ. ಮಾತಿಗೆ, ಭಜನೆಗೆ ಅದು ನಡೆದೀತು. ಹಿಂದೂಸ್ತಾನಿ ಕೇಳುವವರಿಗೆ ತಂಬೂರಿಯ ಹಿಂದೆ ಸಣ್ಣ ಸದ್ದು ಕೇಳಿಸುತ್ತದೆ, ಏಕೆಂದರೆ ಆ ತೂತಿನ ಹಿಂದೆ ಸರಿಯಾದ ಧ್ವನಿ ಚಿಪ್ಪಿಲ್ಲ. ಕಡಿಮೆ ಬೆಲೆಯ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಪೈಯ ತಲೆಯ ಮೇಲೆ ಕೂರುವ ಡ್ಯಾಕ್ ಬೋರ್ಡುಗಳು ಇನ್ನೂ ಉತ್ತಮ. ಟಿವಿಯಲ್ಲೇ ಕೇಳುವವರಿಗೆ ಎಚ್‌ಡಿಎಂಐ ತಂತಿ ಸಾಕು. ಕಾಸರಗೋಡು, ವಯನಾಡಿನಂಥ ಸಿಡಿಲಿನ ಊರುಗಳಲ್ಲಿ ಗುಡುಗು ಶುರುವಾದೊಡನೆ ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡಬೇಕು.

ಕ್ಯಾಸೆಟ್ಟಿನಿಂದ ಫೈಲಿಗೆ

ಪೈಗೆ ಧ್ವನಿ ಹೊರಬಿಡುವ ತೂತಿದೆ, ಒಳಗೆ ತೆಗೆದುಕೊಳ್ಳುವ ತೂತಿಲ್ಲ. ಆದ್ದರಿಂದ ಕ್ಯಾಸೆಟ್ಟನ್ನು ಫೈಲು ಮಾಡುವ ಕೆಲಸ ಯಾವುದಾದರೂ ಲ್ಯಾಪ್‌ಟಾಪಿನಲ್ಲಿ ಆಗಬೇಕು. ಲ್ಯಾಪ್‌ಟಾಪಿನ ಮೈಕ್ ಕಿಂಡಿ ಸಾಮಾನ್ಯವಾಗಿ ಒಂದೇ ಚಾನೆಲಿನದು, ಟೇಪ್ ರೆಕಾರ್ಡರಿನ ಜೋರು ಸಂಕೇತವನ್ನು ಅದು ತಾಳುವುದಿಲ್ಲ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಮುದ್ರಿಸಿಕೊಳ್ಳಲು ಅಡಾಸಿಟಿ ಎಂಬ ಉಚಿತ ತಂತ್ರಾಂಶವಿದೆ.

ಮೊದಲು ಟೇಪು ನೋಡಬೇಕು. ಮಲೆನಾಡು, ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಸ್ಟು ಕಟ್ಟುತ್ತದೆ. ಅಂಥದ್ದನ್ನು ಹಾಗೇ ಓಡಿಸಿದರೆ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಸೊಲ್ಲಾಪುರ, ಆದವಾನಿಯ ಬಿಸಿಲಿಗೆ ಬೂಸ್ಟಿನ ಕಾಟ ಕಡಿಮೆ, ಆದರೆ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಸ್ಪಂಜಿನ ಅಂಟು ಒಣಗಿ ಕಳಚಿ ಬೀಳುತ್ತದೆ; ಆಗ ಧ್ವನಿ ಗುಹೆಯೊಳಗಿಂದ ಬಂದಂತೆ ಕೇಳುತ್ತದೆ. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ವರ್ಗಾಯಿಸಿದರೆ ಅದು ಸರಿಹೋಗುತ್ತದೆ. ಮುದ್ರಿಸಿಕೊಳ್ಳುವ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಬೇಕು. ಅವು ಹೋದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ. ವರ್ಷಗಟ್ಟಲೆ ಮುಟ್ಟದ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ಸಡಿಲಾಗುತ್ತದೆ. ಪ್ಲೇಯರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಹತ್ತಿಯಿಂದ ಒರೆಸಬೇಕು.

ಅಡಾಸಿಟಿಯಲ್ಲಿ ಧ್ವನಿಯ ಮಟ್ಟ ಅತಿ ಜೋರಿನ ಜಾಗದಲ್ಲೂ ಮೈನಸ್ 6 ಡೆಸಿಬಲ್ ದಾಟದಂತೆ ಇಟ್ಟರೆ ಚೆಂಡೆಯ ಪೆಟ್ಟಿಗೂ ಒಡೆಯುವುದಿಲ್ಲ. ಮೊದಲ ಪ್ರತಿಯನ್ನು ಫ್ಲ್ಯಾಕಿನಲ್ಲಿ, ಏನನ್ನೂ ತಿದ್ದದೆ ಇಡಬೇಕು. ಸುಯ್ಯೆನ್ನುವ ಸದ್ದು ತೆಗೆಯುವ ಸೌಲಭ್ಯವನ್ನು ಅತಿಯಾಗಿ ಬಳಸಿದರೆ ಸದ್ದಿನ ಜೊತೆ ದನಿಯ ಉಸಿರೂ ಹೋಗುತ್ತದೆ. ತಿದ್ದುವುದಾದರೆ ಬೇರೆ ಪ್ರತಿಯಲ್ಲಿ ತಿದ್ದಲಿ. ಇನ್ನೊಂದು ಲೆಕ್ಕ: ವೇವ್ ಫೈಲು 4 ಜಿಬಿ ಮೀರಲಾರದು, ಸಿಡಿ ಗುಣಮಟ್ಟದಲ್ಲಿ ಅದು ಸುಮಾರು ಆರೂಮುಕ್ಕಾಲು ಗಂಟೆ. ಇಡೀ ರಾತ್ರಿಯ ಬಯಲಾಟವನ್ನು ಒಂದೇ ವೇವ್ ಫೈಲು ಮಾಡಹೊರಟರೆ ಬೆಳಗಿನ ಮಂಗಳ ಕೈಬಿಟ್ಟುಹೋಗುತ್ತದೆ. ಪ್ರಸಂಗದ ಭಾಗಗಳಿಗೆ ತಕ್ಕಂತೆ ಮುರಿದಿಡುವುದೇ ಸರಿ.

ಜಾತ್ರೆಯಲ್ಲಿ ಕೊಂಡ ಎಂಪಿ3 ಸಿಡಿಗಳನ್ನು ಇದ್ದಂತೆಯೇ ಪ್ರತಿ ಮಾಡಿಕೊಂಡರಾಯಿತು. ಎಂಪಿ3ಯನ್ನು ಫ್ಲ್ಯಾಕಿಗೆ ಬದಲಿಸಿದರೆ ಗಾತ್ರ ಹೆಚ್ಚುತ್ತದೆ ಹೊರತು ಗುಣವಲ್ಲ.

ಹೆಸರು ಬರೆಯುವ ಕೆಲಸ

ಇಷ್ಟರವರೆಗಿನದು ಒಂದು ವಾರದ ಕೆಲಸ. ಮುಂದಿನದು ತಿಂಗಳುಗಳದ್ದು, ಮತ್ತು ನಿಜವಾದ ಬೆಲೆ ಇರುವುದು ಇದಕ್ಕೇ. ಪ್ರತಿ ಫೈಲಿನೊಳಗೆ ಹಾಡಿನ ಹೆಸರು, ಹಾಡಿದವರು, ರಚಿಸಿದವರು, ವರ್ಷ ಇವುಗಳನ್ನು ಬರೆದಿಡುವ ಜಾಗವಿದೆ, ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಸರ್ವರ್ ಹುಡುಕುವುದು ಟ್ಯಾಗ್ ನೋಡಿಯೇ. ಟ್ಯಾಗ್ ಖಾಲಿ ಇದ್ದರೆ ಸಾವಿರ ಹಾಡುಗಳ ಸಂಗ್ರಹವೂ ಹೆಸರಿಲ್ಲದ ಸಾವಿರ ಫೈಲುಗಳಷ್ಟೇ.

ಒಂದೇ ಭಾಷೆಯ ಮನೆಗೆ ಇಲ್ಲದ ತೊಡಕು ಗಡಿಯ ಮನೆಗಿದೆ. ಭೀಮಸೇನ ಜೋಶಿಯವರು ಕನ್ನಡದಲ್ಲಿ ದಾಸರ ಪದ ಹಾಡಿದ್ದಾರೆ, ಮರಾಠಿಯಲ್ಲಿ ಅಭಂಗ ಹಾಡಿದ್ದಾರೆ. ದಾಸವಾಣಿಗೆ ಕನ್ನಡ ಲಿಪಿಯಲ್ಲಿ, ಅಭಂಗಕ್ಕೆ ದೇವನಾಗರಿಯಲ್ಲಿ, ಸಿಡಿಯಿಂದ ತೆಗೆದ ಖಯಾಲಿಗೆ ಇಂಗ್ಲಿಷಿನಲ್ಲಿ ಹೆಸರು ಬಿದ್ದರೆ ಸರ್ವರಿನ ಕಣ್ಣಿಗೆ ಅವರು ಮೂವರು ಬೇರೆ ಬೇರೆ ಗಾಯಕರು. ಜೋಶಿ, ಜೋಷಿ ಎಂದು ಕನ್ನಡದಲ್ಲೇ ಎರಡು ಬಗೆಯಾದರೆ ನಾಲ್ವರು. ಎಸ್. ಜಾನಕಿ, ಯೇಸುದಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ವಿಷಯದಲ್ಲಿ ದಕ್ಷಿಣದ ನಾಲ್ಕೂ ಲಿಪಿಗಳು ಸೇರಿಕೊಳ್ಳುತ್ತವೆ.

ಹಾಗಾಗಿ ಗಾಯಕರ ಮತ್ತು ರಚನಕಾರರ ಹೆಸರಿಗೆ ಮನೆಯವರೆಲ್ಲ ಓದಬಲ್ಲ ಒಂದೇ ಲಿಪಿ, ಒಂದೇ ಕಾಗುಣಿತ ಇಟ್ಟುಕೊಂಡು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ಹಾಡಿನ ಹೆಸರಿನ ವಿಷಯ ಬೇರೆ. ಮಲಯಾಳ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಕೇಳಿದರೆ ತಿಳಿಯುತ್ತದೆ, ಆದರೆ ಕನ್ನಡ ಅಕ್ಷರ ಬಾರದು. ಬರೀ ಕನ್ನಡದಲ್ಲಿ ಬರೆದರೆ ಅವರ ಪಾಲಿಗೆ ಆ ಹಾಡು ಅಲ್ಲಿ ಇದ್ದೂ ಇಲ್ಲ. ಬರೀ ಇಂಗ್ಲಿಷಿನಲ್ಲಿ ಬರೆದರೆ ಅಜ್ಜ ಓದಲಾರರು. ಮೊದಲು ಕನ್ನಡದಲ್ಲಿ, ಅಡ್ಡಗೆರೆ ಎಳೆದು ಅದರ ಮುಂದೆಯೇ ಮಕ್ಕಳು ಓದುವ ಲಿಪಿಯಲ್ಲಿ ಬರೆಯುವುದು ಸ್ವಲ್ಪ ಹೆಚ್ಚು ಶ್ರಮವಾದರೂ ಎರಡು ತಲೆಮಾರಿಗೂ ಸಲ್ಲುತ್ತದೆ. ಹೀಗೆ ಬರೆದ ಪಟ್ಟಿ ನೋಡುತ್ತ ಮಕ್ಕಳಿಗೆ ನಾಲ್ಕು ಅಕ್ಷರ ಪರಿಚಯವಾದರೆ ಅದೂ ಲಾಭವೇ.

ರಚನಕಾರರ ಜಾಗವನ್ನು ಬಿಡಬಾರದು. ಪುರಂದರದಾಸ, ತುಕಾರಾಮ, ಸೊನ್ನಲಿಗೆಯ ಸಿದ್ಧರಾಮ, ಪಾರ್ತಿಸುಬ್ಬ ಎಂದು ಬರೆದಿಟ್ಟರೆ ಯಾರು ಹಾಡಿದ್ದರೂ ಒಬ್ಬ ಕವಿಯದೆಲ್ಲ ಒಂದೆಡೆ ಸಿಗುತ್ತದೆ. ತಾಳಮದ್ದಲೆಗೆ ಗಾಯಕರ ಜಾಗದಲ್ಲಿ ಭಾಗವತರು, ಟಿಪ್ಪಣಿಯಲ್ಲಿ ಅರ್ಥಧಾರಿಗಳು ಮತ್ತು ಅವರ ಪಾತ್ರ ಎಂಬ ಕ್ರಮ ಅನುಕೂಲ.

ತಾಂತ್ರಿಕವಾಗಿ ಎರಡು ಎಚ್ಚರಿಕೆಗಳಿವೆ. ಎಂಪಿ3ಯ ಹಳೆಯ ಟ್ಯಾಗ್ ಮಾದರಿಯಲ್ಲಿ ಒಂದು ಹೆಸರಿಗೆ 30 ಬೈಟ್ ಮಾತ್ರ ಜಾಗ. ಅದನ್ನು ಮಾಡಿದ್ದು ಇಂಗ್ಲಿಷ್ ಅಕ್ಷರಗಳಿಗೆ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರ, ಕೊಂಬು, ವಿರಾಮಕ್ಕೂ 3 ಬೈಟ್ ಬೇಕು. ಗೋಪಾಲಕೃಷ್ಣ ಎಂಬ ಒಂದು ಪದವೇ 30 ಬೈಟನ್ನು ತುಂಬಿಬಿಡುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟ ಎಂದು ಪೂರ್ತಿ ಹಿಡಿಸುವ ಮಾತೇ ಇಲ್ಲ. ಕಿಡ್3 ಅಥವಾ ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಟ್ಯಾಗಿನ ಎರಡನೆಯ ಆವೃತ್ತಿಯನ್ನು ಆಯ್ದುಕೊಂಡರೆ ಈ ಮಿತಿ ಇರುವುದಿಲ್ಲ. ಫ್ಲ್ಯಾಕಿಗೆ ಈ ತೊಂದರೆ ಮೊದಲಿನಿಂದಲೂ ಇಲ್ಲ. ಎರಡನೆಯದು, ಹಿಂದೆ ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಪಟ್ಟಿಗಳನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ತಾನಾಗಿ ಟ್ಯಾಗ್ ಹುಡುಕಿ ತುಂಬುವ ತಂತ್ರಾಂಶಗಳನ್ನು ಮನೆಯ ಮುದ್ರಣಗಳ ಮೇಲೆ ಬಿಡಲೇಬಾರದು. ಅವು ಸೋಬಾನೆ ಪದಕ್ಕೆ ಯಾವುದೋ ಸಿನಿಮಾದ ಹೆಸರು ಅಂಟಿಸುತ್ತವೆ.

ಎಲ್ಲಕ್ಕಿಂತ ಅವಸರದ್ದು ಮನೆಯಲ್ಲೇ ಮುದ್ರಿಸಿದ ಟೇಪುಗಳ ಹೆಸರು. ಕ್ಯಾಸೆಟ್ಟಿನ ಮೇಲಿನ ಚೀಟಿ ಮಾಸಿರುತ್ತದೆ. ಇದು ಯಾರ ದನಿ, ಯಾರ ಮದುವೆ, ಯಾವ ಊರಿನ ಕೂಟ, ಹಿಂದೆ ಗದರಿಸುತ್ತಿರುವವರು ಯಾರು ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಟೇಪು ಇನ್ನೂ ಹತ್ತು ವರ್ಷ ಬಾಳೀತು, ಈ ಮಾಹಿತಿ ಅಷ್ಟು ಕಾಲ ಕಾಯುವುದಿಲ್ಲ. ಆದ್ದರಿಂದ ಫೈಲು ಮಾಡಿದ ಕೂಡಲೇ, ಗುಣಮಟ್ಟ ತಿದ್ದುವ ಗೋಜಿಗೆ ಹೋಗದೆ, ಹಿರಿಯರನ್ನು ಕೂರಿಸಿ ಕೇಳಿಸಿ ಅವರು ಹೇಳಿದ್ದನ್ನೆಲ್ಲ ಟಿಪ್ಪಣಿಯ ಜಾಗದಲ್ಲಿ ಬರೆಯಬೇಕು. ಅವರು ಹೇಳುವಾಗ ಫೋನಿನಲ್ಲಿ ಮುದ್ರಿಸಿಕೊಂಡು ಅದನ್ನೂ ಅದೇ ಫೋಲ್ಡರಿನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ಕಾನೂನು ಮತ್ತು ಎರಡನೆಯ ಪ್ರತಿ

1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಖಾಸಗಿ ಹಾಗೂ ಸ್ವಂತ ಬಳಕೆಯ ನ್ಯಾಯಯುತ ಉಪಯೋಗಕ್ಕೆ ರಿಯಾಯಿತಿ ಕೊಡುತ್ತದೆ. ತಾವು ಕೊಂಡ ಕ್ಯಾಸೆಟ್ಟನ್ನು ತಮ್ಮ ಮನೆಯಲ್ಲಿ ಕೇಳಲು ಪ್ರತಿ ಮಾಡಿಕೊಳ್ಳುವುದು ಬೇರೆ, ಅದೇ ಪೆನ್‌ಡ್ರೈವನ್ನು ಊರಿಗೆಲ್ಲ ತುಂಬಿಸಿಕೊಡುವುದು ಬೇರೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1960ರಲ್ಲಿ ಬಂದ ಮುದ್ರಿಕೆಯ ಹಕ್ಕು 2020ರ ಕೊನೆಗೆ ಮುಗಿದಿದೆ, ಆದರೆ ಅದರ ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಕರ್ತೃ ತೀರಿಕೊಂಡ ಬಳಿಕ 60 ವರ್ಷ ಉಳಿದಿರುತ್ತದೆ. ಮನೆಯ ಹೆಂಗಸರು ಹಾಡಿದ್ದನ್ನು ಯೂಟ್ಯೂಬಿಗೆ ಏರಿಸುವ ಮೊದಲು ಅವರನ್ನೋ ಅವರ ಮನೆಯವರನ್ನೋ ಕೇಳುವುದು ಕಾನೂನಿಗಿಂತ ಮೊದಲಿನ ಮರ್ಯಾದೆ.

ಸರ್ವರಿನ ಡಿಸ್ಕ್ ಒಂದೇ ಪ್ರತಿಯಾಗಿ ಉಳಿಯಬಾರದು. ಇನ್ನೊಂದು ಡಿಸ್ಕಿಗೆ ಪೂರ್ತಿ ನಕಲು ಮಾಡಿ ಬೇರೆ ಊರಿನ ಅಕ್ಕನ ಮನೆಯಲ್ಲೋ ಮಾವನ ಮನೆಯಲ್ಲೋ ಇಡಬೇಕು. ಒಂದೇ ಮನೆಯ ಎರಡು ಡಿಸ್ಕನ್ನೂ ಒಂದೇ ಸಿಡಿಲು ಸುಡಬಲ್ಲದು. ಆ ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಇಟ್ಟರೆ ಯಾವ ವಿಂಡೋಸ್ ಗಣಕಕ್ಕೆ ಹಾಕಿದರೂ ತೆರೆಯುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಮಾಡಿದರೆ ಮಾವ ಅದನ್ನು ಖಾಲಿ ಡಿಸ್ಕೆಂದು ತಿಳಿದು ಫಾರ್ಮ್ಯಾಟ್ ಮಾಡಿಯಾರು. ವರ್ಷಕ್ಕೊಮ್ಮೆ, ಹಬ್ಬಕ್ಕೆ ಹೋದಾಗ, ಹೊಸತನ್ನು ಸೇರಿಸಿ ಹಳೆಯದರಲ್ಲಿ ನಾಲ್ಕು ಫೈಲು ತೆರೆದು ಕೇಳಿ ನೋಡಬೇಕು.

ಪೈ ಇಟ್ಟ ಡಬ್ಬಿಯೊಳಗೆ ಒಂದು ಕಾಗದದ ಚೀಟಿ ಇರಲಿ: ರೌಟರಿನ ಹೆಸರು ಮತ್ತು ಪಾಸ್‌ವರ್ಡ್, ಸರ್ವರಿನ ವಿಳಾಸ, ಹಾಡುಗಳು ಯಾವ ಡಿಸ್ಕಿನಲ್ಲಿವೆ, ನಕಲು ಯಾರ ಮನೆಯಲ್ಲಿದೆ. ಚೀಟಿಯ ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಮನೆಯ ಮಕ್ಕಳು ಶಾಲೆಯಲ್ಲಿ ಓದುವ ಭಾಷೆಯಲ್ಲಿ.